217 ದಿನದ ಲೆಕ್ಕ: ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದ ನನ್ನ ಅನುಭವ

ಅಮೆರಿಕದಲ್ಲಿ ಕಾಯಂ ಆಗಿ ಇರಲು ಬಿಡುವ ಗ್ರೀನ್ ಕಾರ್ಡ್ ನನಗೆ ಸಿಕ್ಕಿದ ತಾರೀಖು 2018ರ ಮಾರ್ಚ್ 12. ಐದು ವರ್ಷ ತುಂಬಿದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು ಎನ್ನುವುದು ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮವರಿಗೆಲ್ಲ ಬಾಯಿಪಾಠ. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜೊತೆಗೇ ಬಾಳುತ್ತಿದ್ದರೆ ಮೂರೇ ವರ್ಷ. ಐದು ತುಂಬುವುದಕ್ಕೆ 90 ದಿನ ಮುಂಚೆಯೇ ಎನ್-400, ಅಂದರೆ ಪೌರತ್ವದ ಅರ್ಜಿಯ ಫಾರ್ಮ್, ಹಾಕಬಹುದು. ನನ್ನ ಲೆಕ್ಕಕ್ಕೆ ಅದು 2022ರ ಡಿಸೆಂಬರ್ 12. ಎಣಿಕೆ ಒಂದು ದಿನ ತಪ್ಪಿದರೂ ಕಷ್ಟ ಅಂತ ನಾನು ಎರಡು ದಿನ ಬಿಟ್ಟೇ ಹಾಕಿದೆ. ಆಗ ಫೀಸು 725 ಡಾಲರ್.

ತಲೆನೋವು ಇದ್ದದ್ದು ಬೇರೆ ಕಡೆ. 2020ರ ಫೆಬ್ರವರಿ 9ಕ್ಕೆ ಅಪ್ಪನ ಆಪರೇಷನ್ ಅಂತ ಅರಸೀಕೆರೆಗೆ ಹೋದವನು, ವಿಮಾನಗಳು ನಿಂತು ಅಲ್ಲೇ ಉಳಿದುಬಿಟ್ಟೆ. ವಾಪಸ್ ಬಂದದ್ದು ಸೆಪ್ಟೆಂಬರ್ 14ಕ್ಕೆ. ಹೊರಟ ದಿನ, ಬಂದ ದಿನ ಎರಡನ್ನೂ ಅಮೆರಿಕದಲ್ಲೇ ಇದ್ದ ದಿನ ಅಂತ ಹಿಡಿಯುತ್ತಾರೆ. ಅದನ್ನು ಬಿಟ್ಟು ಎಣಿಸಿದರೆ 217 ದಿನ.

"ಐದು ವರ್ಷದಲ್ಲಿ 30 ತಿಂಗಳು ಇಲ್ಲಿದ್ರೆ ಸಾಕಲ್ವಾ, ಸುಮ್ನೆ ಹಾಕಪ್ಪ" ಅಂದ ಗೆಳೆಯ. ಅರ್ಧ ಮಾತ್ರ ನಿಜ. 30 ತಿಂಗಳು, ಅಂದರೆ 913 ದಿನ, ಮೈಯಾರೆ ಇಲ್ಲಿರಬೇಕು ಎನ್ನುವುದು ಒಂದು ಷರತ್ತು. ವಾಸ ಕಡಿಯದೆ ಇರಬೇಕು ಎನ್ನುವುದು ಇನ್ನೊಂದು. ಒಂದೇ ಸಲ ಆರು ತಿಂಗಳು ದಾಟಿ ಹೊರಗಿದ್ದರೆ ವಾಸ ಕಡಿದಿದೆ ಅಂತಲೇ ಮೊದಲು ಅಂದುಕೊಳ್ಳುತ್ತಾರೆ. ಇಲ್ಲ ಅಂತ ತೋರಿಸುವ ಹೊಣೆ ನಮ್ಮದು. ಇಡೀ ವರ್ಷ ಹೊರಗಿದ್ದರೆ ಆ ದಾರಿಯೂ ಸಾಮಾನ್ಯವಾಗಿ ಮುಚ್ಚಿದ ಹಾಗೆ. ನನ್ನ ದಿನಗಳೇನೋ ಬೇಕಾದಷ್ಟಿದ್ದವು, ಸಿಕ್ಕಿಕೊಂಡಿದ್ದು ಎರಡನೆಯದರಲ್ಲಿ.

ಒಂದು ಭಾನುವಾರ ಊಟದ ಮೇಜಿನ ಮೇಲೆ ಪಾಸ್‌ಪೋರ್ಟ್ ಬಿಚ್ಚಿಟ್ಟುಕೊಂಡು ಕೂತೆ. ಬೆಂಗಳೂರಿನ ಒಂದು ಸೀಲಿನ ಮಸಿ ಹರಡಿ 3 ಯಾವುದು, 8 ಯಾವುದು ತಿಳಿಯದು. ಕೊನೆಗೆ ಹಳೇ ಟಿಕೆಟ್‌ನ ಇಮೇಲ್ ಹುಡುಕಿ ತಾಳೆ ಹಾಕಿದೆ. ನನ್ನವಳು ಫೈಲು ಮಾಡಿದಳು: ಆ ಏಳು ತಿಂಗಳೂ ಇಲ್ಲಿ ಕಟ್ಟಿದ ಬಾಡಿಗೆ, ಟ್ಯಾಕ್ಸ್ ದಾಖಲೆ, ಮಗನ ಶಾಲೆಯ ಪತ್ರ, ರದ್ದಾದ ಎರಡು ಟಿಕೆಟ್, ಅಪ್ಪನ ಡಿಸ್ಚಾರ್ಜ್ ಕಾಗದ. ಹೆಂಡತಿ, ಮಗು, ಮನೆ, ಕೆಲಸ ಎಲ್ಲ ಇಲ್ಲೇ ಇತ್ತು ಅಂತ ತೋರಿಸುವುದೇ ಅದರ ಉದ್ದೇಶ. ಅರ್ಜಿ ಹಾಕುವ ಮುಂಚೆ ಮೂರು ತಿಂಗಳು ಅದೇ ರಾಜ್ಯದಲ್ಲಿರಬೇಕು ಅಂತಲೂ ಇದೆ. ಅದರಲ್ಲಿ ನಮಗೆ ತೊಂದರೆ ಇರಲಿಲ್ಲ.

ಇಂಟರ್‌ವ್ಯೂನಲ್ಲಿ ಆಫೀಸರಮ್ಮ ಆ ಫೈಲನ್ನು ಹತ್ತು ನಿಮಿಷ ತಿರುವಿ ಹಾಕಿದರು. ನನ್ನ ಅಂಗೈ ಬೆವರುತ್ತಿತ್ತು. "ಅಪ್ಪ ಈಗ ಹೇಗಿದ್ದಾರೆ?" ಅಂದರು, ಅಷ್ಟೇ. ಆಮೇಲೆ ಸ್ಪೀಡಿಂಗ್ ಟಿಕೆಟ್ ಬಗ್ಗೆ ಒಂದು ಪ್ರಶ್ನೆ. ಅದನ್ನು ಫಾರ್ಮ್‌ನಲ್ಲೇ ಬರೆದಿದ್ದೆ. ದಂಡಕ್ಕಿಂತ ಮುಚ್ಚಿಟ್ಟ ಸುಳ್ಳೇ ಜಾಸ್ತಿ ಅಪಾಯ. ಅಮೆರಿಕದ ಇತಿಹಾಸ, ಸರ್ಕಾರದ ಬಗೆಗಿನ ಪ್ರಶ್ನೆಗಳು ಹತ್ತು ಅಂದಿದ್ದರೂ ಮೊದಲ ಆರೂ ಸರಿಯಾದದ್ದಕ್ಕೆ ಅಲ್ಲಿಗೇ ನಿಲ್ಲಿಸಿದರು. ಪ್ರತಿನಿಧಿ ಸಭೆಯಲ್ಲಿ ಮತ ಹಾಕುವ ಸದಸ್ಯರು 435 ಅಂತ ಮಗ ನನಗೆ ಉರು ಹೊಡೆಸಿದ್ದು ವ್ಯರ್ಥವಾಯಿತು, ಆ ಪ್ರಶ್ನೆ ಬರಲೇ ಇಲ್ಲ! ಗಮನಿಸಿ, 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ ಪರೀಕ್ಷೆ ಬದಲಾಗಿದೆ: 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿ ಇರಬೇಕು.

ಪ್ರಮಾಣವಚನದ ದಿನ ಗ್ರೀನ್ ಕಾರ್ಡ್ ವಾಪಸ್ ಕೊಟ್ಟೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಲ್ಲ, ಹಾಗಾಗಿ ನಮ್ಮ ಪಾಸ್‌ಪೋರ್ಟನ್ನೂ ಒಪ್ಪಿಸಿ ಓಸಿಐ ಕಾರ್ಡಿಗೆ, ಅಂದರೆ ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಕಾರ್ಡಿಗೆ, ಅರ್ಜಿ ಹಾಕಿದ್ದಾಯಿತು. ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ ಕೇಳಿದ್ದು ಒಂದೇ:

"ಹಂಗಾದ್ರೆ ತೋಟ ನಿನ್ನ ಹೆಸರಿಗೆ ಬರಲ್ವೇನೋ?"

"ಕೊಂಡ್ಕೊಳ್ಳೋ ಹಾಗಿಲ್ಲ ಅಪ್ಪ. ನಿಮ್ಮಿಂದ ಪಿತ್ರಾರ್ಜಿತವಾಗಿ ಬಂದ್ರೆ ಬರುತ್ತೆ."

"ಸರಿ ಬಿಡು. ಈ ಸಲ ಕಾಯಿ ಕೀಳಿಸೋಕೆ ಬರ್ತೀಯಾ?" ಅಂದರು.