ನೆಲದ ಹದ ಆರುವ ಮುನ್ನ: ತುರಹಳ್ಳಿ ಕಾಡಿನ ಕಾಲುದಾರಿಗಳಿಗೆ ಚಳಿಗಾಲದ ಆರೈಕೆ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ತುರಹಳ್ಳಿ ಕಾಡಿನಲ್ಲಿ ಕಾಲುದಾರಿಗಳನ್ನು ದುರಸ್ತಿ ಮಾಡಲು ವರ್ಷದಲ್ಲಿ ಒದಗುವ ಕಾಲ ಬಹಳ ಚಿಕ್ಕದು. ಹಿಂಗಾರು ಮಳೆ ಹಿಂದೆ ಸರಿದು ಕಾರ್ತಿಕ ಮುಗಿಯುವ ಹೊತ್ತಿಗೆ ಅದು ಆರಂಭವಾಗುತ್ತದೆ, ಸಂಕ್ರಾಂತಿ ಬರುವಷ್ಟರಲ್ಲಿ ಮುಗಿದೂ ಹೋಗುತ್ತದೆ. ಅದಕ್ಕೆ ಮುಂಚೆ ಕೆಮ್ಮಣ್ಣು ಗುದ್ದಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ನೆಲ ಬಿರುಸಾಗಿ, ಅಗೆದು ಹಾಕಿದ ಮಣ್ಣು ಎಷ್ಟು ಬಡಿದರೂ ಕೂರದೆ ಧೂಳಾಗಿ ಏಳುತ್ತದೆ. ಹದ ತಿಳಿಯಲು ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿ ನೋಡಬೇಕು. ಉಂಡೆ ನಿಂತು, ಬೆರಳಿನಿಂದ ಒತ್ತಿದಾಗ ಒಡೆದರೆ ಅದು ಕೆಲಸದ ಹದ. ಕೈಗೆ ಮೆತ್ತಿಕೊಂಡರೆ ಇನ್ನೂ ನಾಲ್ಕು ಬಿಸಿಲು ಕಾಯಬೇಕು.

ಗುದ್ದಲಿ ಹಿಡಿಯುವ ಮೊದಲು ಅನುಮತಿ ಪಡೆಯಬೇಕು. ಅರಣ್ಯ ಇಲಾಖೆಯ ನೆಲದಲ್ಲಿ ಎಷ್ಟೇ ಒಳ್ಳೆಯ ಉದ್ದೇಶದಿಂದಲಾದರೂ ಗಿಡ ಕಡಿಯುವುದು, ಮಣ್ಣು ಅಗೆಯುವುದು, ಹೊಸ ದಾರಿ ತೆಗೆಯುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಆದುದರಿಂದ ಯಾವ ದಾರಿಯಲ್ಲಿ, ಯಾವ ದಿನ, ಎಷ್ಟು ಜನ, ಏನು ಮಾಡುತ್ತೇವೆ ಎಂಬುದನ್ನು ಬರೆದು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೊಟ್ಟು, ಒಪ್ಪಿಗೆ ದೊರೆತ ಮೇಲೆ ಅಲ್ಲಿನ ಸಿಬ್ಬಂದಿಯ ಜೊತೆಯಲ್ಲಿಯೇ ಕೆಲಸ ಮಾಡಬೇಕು. ಯಾವ ಬಂಡೆಯ ಬುಡದಲ್ಲಿ ಮುಳ್ಳುಹಂದಿಯ ಬಿಲವಿದೆ ಎಂಬುದು ದಿನವೂ ಗಸ್ತು ತಿರುಗುವ ಅರಣ್ಯ ವೀಕ್ಷಕರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಮೊದಲ ದಿನ ಸಲಕರಣೆ ಬೇಡ, ಕೇವಲ ನಡೆಯಿರಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6:40ರ ಸುಮಾರಿಗೆ, ಮುಳುಗುವುದು 6 ಗಂಟೆಯ ಹೊತ್ತಿಗೆ. ಪೂರ್ತಿ ಬೆಳಕು ಹರಿದ ಮೇಲೆ ಒಳಗೆ ಹೋಗಿ, ಕತ್ತಲೆಗೆ ಒಂದು ಗಂಟೆ ಮುಂಚೆ ಹೊರಬರುವುದು ಒಳ್ಳೆಯದು. 2022ರ ಡಿಸೆಂಬರಿನಲ್ಲಿ ತುರಹಳ್ಳಿಯ ಸುತ್ತಮುತ್ತ ಚಿರತೆ ಕಾಣಿಸಿಕೊಂಡಿತ್ತು. ಮಬ್ಬುಗತ್ತಲೆಯಲ್ಲಿ ಒಂಟಿಯಾಗಿ, ಕಿವಿಗೆ ಹಾಡು ಸಿಕ್ಕಿಸಿಕೊಂಡು ನಡೆಯುವುದು ಸರಿಯಲ್ಲ. ಮಂಜು ಬಿದ್ದ ಬೆಳಗ್ಗೆ ಇಳಿಜಾರು ಬಂಡೆಗಳು ನುಣುಪಾಗಿ ಜಾರುತ್ತವೆ. ಅದಕ್ಕಿಂತ ಮುಖ್ಯವಾದದ್ದು ಹಾವು. ಚಳಿಗೆ ಮೈ ಮರಗಟ್ಟಿದ ಕೊಳಕುಮಂಡಲ ಎಳೆಬಿಸಿಲು ಕಾಯಿಸಲು ದಾರಿಯ ಅಂಚಿಗೇ ಬಂದು ಮಲಗುತ್ತದೆ, ಕಾಲ ಸದ್ದಿಗೆ ಬೇಗನೆ ಸರಿಯುವುದಿಲ್ಲ, ಒಣಗಿದ ಎಲೆಗಳ ನಡುವೆ ಅದರ ಮೈಬಣ್ಣ ಬೇರೆಯಾಗಿ ಕಾಣುವುದೂ ಇಲ್ಲ. ಕಣಕಾಲು ಮುಚ್ಚುವ ಬೂಟು, ಉದ್ದ ಪ್ಯಾಂಟು ಮತ್ತು ನೆಲದ ಮೇಲಿನ ಕಣ್ಣು, ಇವು ಮೂರೂ ಇರಲೇಬೇಕು. ಯಾರಿಗಾದರೂ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಕೂರಿಸಿ, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸಬೇಕು. ಇದೇ ಚಳಿಗಾಲದಲ್ಲಿ ಮಲೆನಾಡಿನ ಕಾಡುಗಳಿಗೆ ಹೋಗುವವರು ಉಣ್ಣೆ ಹುಳಗಳಿಂದ ಹರಡುವ ಮಂಗನ ಕಾಯಿಲೆಯನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು.

ಮೊದಲ ದಿನದ ಈ ನಡಿಗೆಯಲ್ಲಿ ನೋಡಬೇಕಾದದ್ದು ನೀರು ನಡೆದ ಗುರುತು. ಮಳೆ ಹೋಗಿರುತ್ತದೆ, ಆದರೆ ಅದು ಎಲ್ಲಿಂದ ದಾರಿಗೆ ಇಳಿಯಿತು, ಎಷ್ಟು ದೂರ ದಾರಿಯ ಮೇಲೆಯೇ ಓಡಿತು, ಎಲ್ಲಿ ನಿಂತಿತು ಎಂಬುದೆಲ್ಲ ನೆಲದ ಮೇಲೆ ಇನ್ನೂ ಉಳಿದಿರುತ್ತದೆ. ಬೇರುಗಳು ಎದ್ದು ಕಂಡರೆ ಅಲ್ಲಿನ ಮಣ್ಣು ಹೋಗಿದೆ. ನುಣ್ಣನೆಯ ಮರಳು ಬೀಸಣಿಗೆಯಂತೆ ಹರಡಿದ್ದರೆ ಮೇಲಿನಿಂದ ಹೋದ ಮಣ್ಣು ಅಲ್ಲಿಗೆ ಬಂದಿದೆ. ದಾರಿ ಇದ್ದಕ್ಕಿದ್ದಂತೆ ಅಗಲವಾಗಿದ್ದರೆ ಅಲ್ಲಿ ಕೆಸರು ನಿಂತು, ಜನ ಬದಿಯ ಹುಲ್ಲು ತುಳಿದು ಸುತ್ತಿ ಹೋಗಿದ್ದಾರೆ. ತುರಹಳ್ಳಿಯಲ್ಲಿ ದೊಡ್ಡ ಹಾಸುಬಂಡೆಗಳಿರುವುದರಿಂದ ಅವುಗಳ ಮೇಲೆ ಬಿದ್ದ ಮಳೆ ಇಂಗದೆ ಒಟ್ಟಾಗಿ ಬುಡಕ್ಕೆ ಇಳಿಯುತ್ತದೆ, ಕೊರಕಲು ಬಹುಪಾಲು ಅಂತಹ ಬುಡದಿಂದಲೇ ಆರಂಭವಾಗುತ್ತದೆ. ಸೈಕಲ್ ಚಕ್ರ ಬಿಟ್ಟ ಗೆರೆ ಆ ನೀರಿಗೆ ಕಾಲುವೆಯಾಗುತ್ತದೆ. ಇವನ್ನೆಲ್ಲ ಒಂದು ಚೀಟಿಯಲ್ಲಿ ಚಿತ್ರಿಸಿಕೊಂಡರೆ ಅರ್ಧ ಕೆಲಸ ಆದಂತೆ. ಕೊರಕಲು ಕಂಡ ತಕ್ಷಣ ಅದಕ್ಕೆ ಮಣ್ಣು ತುಂಬುವುದು ಹೊಸಬರು ಮಾಡುವ ತಪ್ಪು. ನೀರನ್ನು ಮೇಲ್ಗಡೆ ತಿರುಗಿಸದೆ ತುಂಬಿದ ಮಣ್ಣು ಮುಂದಿನ ಮುಂಗಾರಿನ ಮೊದಲ ಎರಡು ಮಳೆಗೆ ಕೆಳಗಿನ ಹಳ್ಳ ಸೇರುತ್ತದೆ.

ನೀರನ್ನು ತಿರುಗಿಸುವ ಮೊದಲ ಉಪಾಯ ದಾರಿಯ ಹೊರ ಅಂಚನ್ನು ತಗ್ಗಿಸುವುದು. ಕಾಲು ತುಳಿತಕ್ಕೆ ದಾರಿಯ ನಡು ಕುಸಿದು, ಹೊರಗಡೆ ಮಣ್ಣು ಬದುವಿನಂತೆ ಏರಿರುತ್ತದೆ, ಹೀಗಾಗಿ ಮಳೆನೀರಿಗೆ ಹೊರಹೋಗಲು ಜಾಗವಿರುವುದಿಲ್ಲ. ಆ ಬದುವನ್ನು ಸಲಿಕೆಯಿಂದ ಕೆರೆದು, ಆ ಮಣ್ಣನ್ನೇ ನಡುವಿನ ತಗ್ಗಿಗೆ ಎಳೆದು ಬಡಿಯಬೇಕು. ಎರಡು ಅಡಿ ಅಗಲದ ದಾರಿಯಾದರೆ ಹೊರ ಅಂಚು ಒಳ ಅಂಚಿಗಿಂತ ಸುಮಾರು ಒಂದು ಇಂಚು ತಗ್ಗಿದ್ದರೆ ಸಾಕು. ಇಷ್ಟರಿಂದಲೇ ಎಷ್ಟೋ ಕಡೆ ನೀರು ಹಾಳೆಯಂತೆ ತೆಳುವಾಗಿ ದಾರಿಯನ್ನು ದಾಟಿ ಹೋಗುತ್ತದೆ.

ಇಳಿಜಾರು ಕಡಿದಾಗಿದ್ದಲ್ಲಿ ಕಲ್ಲಿನ ಸಾಲು ಬೇಕಾಗುತ್ತದೆ. ದಾರಿಗೆ ಅಡ್ಡಲಾಗಿ, ಆದರೆ ನೇರವಾಗಿ ಅಲ್ಲದೆ ಸುಮಾರು 45 ಡಿಗ್ರಿ ಓರೆಯಾಗಿ ಗುಳಿ ತೋಡಿ, ಪ್ರತಿ ಕಲ್ಲಿನ ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ ಇರುವಂತೆ ಹೂಳಬೇಕು. ಅದರ ಮೇಲೆ ನಿಂತು ಮೈಭಾರ ಹಾಕಿದಾಗ ಅಲುಗುವ ಕಲ್ಲನ್ನು ತೆಗೆದು ಮತ್ತೆ ಕೂರಿಸಬೇಕು. ಸಾಲಿನ ಕೆಳತುದಿಯಿಂದ ನೀರು ಹೊರಹೋಗಲು ಒಂದು ಗುದ್ದಲಿ ಅಗಲದ ತೋಡು ಇರಲಿ, ಅದರ ಬಾಯಲ್ಲಿ ಒಂದಿಷ್ಟು ಗುಂಡುಕಲ್ಲು ಹಾಸಿದರೆ ಅಲ್ಲಿ ಹೊಸ ಕೊರಕಲು ಬೀಳುವುದಿಲ್ಲ. ಇಳಿಜಾರು ಸೌಮ್ಯವಾಗಿದ್ದರೆ ಕಲ್ಲಿಗಿಂತ ಮಣ್ಣಿನಲ್ಲೇ ಉದ್ದವಾದ, ಆಳವಿಲ್ಲದ ಒಂದು ತಗ್ಗು ಮಾಡಿ ಅದರ ಕೆಳಗಡೆ ದಿಬ್ಬ ಏರಿಸುವುದೇ ಮೇಲೆಂದು ನನ್ನ ಅನಿಸಿಕೆ. ಕಲ್ಲು ಕಂಡರೆ ನಡೆಯುವವರು ಪಕ್ಕಕ್ಕೆ ಸರಿದು ಹೊಸ ಜಾಡು ಮಾಡುತ್ತಾರೆ, ತಗ್ಗಿನಲ್ಲಿ ಹಾಗಾಗುವುದಿಲ್ಲ. ಕಲ್ಲು ಎತ್ತುವಾಗ ಕೈ ಹಾಕದೆ ಹಾರೆಯಿಂದ, ಬಾಯಿ ತೆರೆದ ಬದಿ ನಮ್ಮಿಂದ ಆಚೆ ಇರುವಂತೆ ನಮ್ಮ ಕಡೆಗೆ ಮಗುಚಬೇಕು. ಕೆಳಗೆ ಚೇಳೋ ಹಾವುರಾಣಿಯೋ ಇದ್ದರೆ ಅದಕ್ಕೆ ಓಡಲು ದಾರಿ ಸಿಗುತ್ತದೆ, ಅಂತಹ ಕಲ್ಲನ್ನು ಅಲ್ಲಿಯೇ ಮೊದಲಿನಂತೆ ಇಟ್ಟುಬಿಡಿ.

ಅಡ್ಡಜಾಡುಗಳನ್ನು ಮುಚ್ಚಲು ಫಲಕಕ್ಕಿಂತ ಒಣಗಿದ ಜಾಲಿಮುಳ್ಳು ಪರಿಣಾಮಕಾರಿ. ಜಾಡು ಕವಲೊಡೆಯುವ ಎರಡೂ ತುದಿಗಳಲ್ಲಿ, ಕಣ್ಣಿಗೆ ಕಾಣುವಷ್ಟು ದೂರದವರೆಗೆ ಹಾಕಿ, ತುಳಿದು ಗಟ್ಟಿಯಾದ ನೆಲವನ್ನು ಸ್ವಲ್ಪ ಕೆದಕಿಬಿಟ್ಟರೆ ಮುಂದಿನ ಮಳೆಗೆ ಹುಲ್ಲು ತಾನೇ ಬರುತ್ತದೆ.

ದಾರಿಗೆ ಬಾಗುವ ಗಿಡಗಳಲ್ಲಿ ಮುಕ್ಕಾಲು ಪಾಲು ಲಂಟಾನ. ಅದನ್ನು ಮಚ್ಚಿನಿಂದ ಸವರಿದರೆ ಬುಡದಿಂದ ಇನ್ನೂ ದಟ್ಟವಾಗಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಹೋದ್ಯೋಗಿಗಳು ರೂಪಿಸಿದ ವಿಧಾನದಲ್ಲಿ ತಾಯಿಬೇರನ್ನು ನೆಲಮಟ್ಟಕ್ಕಿಂತ 3ರಿಂದ 5 ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿಸಿ ಒಣಗಲು ಬಿಡುತ್ತಾರೆ. ಚಿಗುರುವ ಭಾಗ ಬೇರಿನ ಮೇಲ್ತುದಿಯಲ್ಲಿದ್ದು, ಅದು ಮಣ್ಣಿನಿಂದ ಬೇರೆಯಾದ ಮೇಲೆ ಗಿಡ ಮತ್ತೆ ಹಿಡಿಯಲಾರದು. ಇದನ್ನೂ ನೆಲದಲ್ಲಿ ತೇವವಿರುವಾಗಲೇ ಮಾಡಬೇಕು. ಪೊದೆಯೊಳಗೆ ಹಕ್ಕಿಯ ಗೂಡಿದೆಯೇ ಎಂದು ಮೊದಲು ನೋಡಿ, ದಾರಿಯ ಎರಡೂ ಬದಿ ಒಂದೊಂದು ಮೊಳದಷ್ಟನ್ನು ಮಾತ್ರ ತೆಗೆಯಿರಿ. ಅದರಾಚೆಗಿನದನ್ನು ತೆಗೆಯುವುದೋ ಬಿಡುವುದೋ ಇಲಾಖೆ ನಿರ್ಧರಿಸಬೇಕಾದ ವಿಷಯ, ಮೊಲ, ಕೌಜುಗಗಳಿಗೆ ಸದ್ಯಕ್ಕೆ ಅದೇ ಮರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವುದನ್ನು ಕಂಡವರಿಗೆ ಕಡಿದದ್ದನ್ನು ಸುಮ್ಮನೆ ಬಿಸಾಡಲು ಮನಸ್ಸಾಗದು. ಏನೇ ಆದರೂ ಒಣಗಿದ ಲಂಟಾನವನ್ನು ದಾರಿಯ ಪಕ್ಕ ರಾಶಿ ಹಾಕಬಾರದು, ಬೇಸಿಗೆಯಲ್ಲಿ ಅದು ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಪಾರ್ಥೇನಿಯಂ ಕೀಳುವವರು ಕೈಗವಸು ಧರಿಸಿ, ಮೂಗು ಮುಚ್ಚಿಕೊಂಡು, ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಬೇಕು.

ಈ ದಾರಿಗಳಿಗೆ ಕಾಂಕ್ರೀಟು, ಟೈಲ್ಸು, ಬೆಂಚು ಬೇಡ ಎಂಬುದನ್ನು ಇಲ್ಲಿ ಹೇಳಲೇಬೇಕು. 2021ರ ಆರಂಭದಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾಪ ಬಂದಾಗ ಸುತ್ತಲಿನ ನಾಗರಿಕರು ಬೀದಿಗಿಳಿದು ವಿರೋಧಿಸಿದ್ದು ಕಾಡು ಕಾಡಾಗಿಯೇ ಉಳಿಯಲಿ ಎಂಬ ಕಾರಣಕ್ಕೆ. ದಾರಿ ಎರಡು ಅಡಿಯಿಂದ ಮೂರು ಅಡಿ ಅಗಲ ಇದ್ದರೆ ನಡೆಯುವವರಿಗೆ ಸಾಕು.

ಸಂಕ್ರಾಂತಿಯ ನಂತರ ಅಗೆಯುವ ಕೆಲಸ ನಿಲ್ಲಿಸಿ ಬೆಂಕಿಯ ಕಡೆಗೆ ಗಮನ ಕೊಡಬೇಕು. ಫೆಬ್ರವರಿಯ ಹೊತ್ತಿಗೆ ಹುಲ್ಲು ಒಣಗಿ, ನೀಲಗಿರಿ ಎಲೆಗಳು ದಾರಿಯ ಮೇಲೆ ದಪ್ಪವಾಗಿ ಬಿದ್ದಿರುತ್ತವೆ; ಆ ಎಲೆಗಳಲ್ಲಿ ಎಣ್ಣೆಯ ಅಂಶವಿರುವುದರಿಂದ ಬೇಗ ಉರಿಯುತ್ತವೆ. ದಾರಿಯ ಅಗಲದಷ್ಟು ಎಲೆಯನ್ನು ಮಾತ್ರ ಬರಿನೆಲ ಕಾಣುವಂತೆ ಗುಡಿಸಿ, ಎರಡೂ ಬದಿಗೆ ತೆಳ್ಳಗೆ ಚೆಲ್ಲಬೇಕು. ಹೀಗೆ ಗುಡಿಸಿದ ಕಾಲುದಾರಿ ಹುಲ್ಲಿನಲ್ಲಿ ನಿಧಾನವಾಗಿ ತೆವಳುವ ಬೆಂಕಿಗೆ ತಡೆಯಾಗುತ್ತದೆ, ಆರಿಸಲು ಬರುವ ಸಿಬ್ಬಂದಿಗೆ ಓಡಾಡುವ ದಾರಿಯೂ ಆಗುತ್ತದೆ. ಗುಡಿಸಿದ ಎಲೆಗೆ ಬೆಂಕಿ ಹಚ್ಚುವುದಂತೂ ಯಾವ ಕಾರಣಕ್ಕೂ ಕೂಡದು. ಬೆಂಕಿರೇಖೆ, ಅಂದರೆ ಬೆಂಕಿ ಹರಡದಂತೆ ಮುಂಚೆಯೇ ಬರಿದು ಮಾಡುವ ನೆಲದ ಪಟ್ಟಿಯನ್ನು ಸುಡುವುದು ಇಲಾಖೆಯ ಕೆಲಸ. ಒಡೆದ ಬಾಟಲಿಯ ಗಾಜನ್ನು ದಪ್ಪ ಗೋಣಿಚೀಲದಲ್ಲಿ ಹೊರಗೆ ಸಾಗಿಸಿ. ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಬಂಡೆ ಅಥವಾ ಗೇಟಿನ ಗುರುತು ಹೇಳಿ.

ಮೊದಲ ದಿನ ಬರೆದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಗ್ಗೆ ಅದನ್ನು ಹಿಡಿದು ಅದೇ ದಾರಿಯಲ್ಲಿ ಮತ್ತೊಮ್ಮೆ ನಡೆದು, ಯಾವ ಕಲ್ಲಿನ ಸಾಲಿನಿಂದ ನೀರು ಹೊರಗೆ ಹೋಗಿದೆ, ಯಾವುದನ್ನು ಹಾರಿ ದಾರಿಯಲ್ಲಿಯೇ ಮುಂದುವರಿದಿದೆ ಎಂದು ಗುರುತು ಹಾಕಿಕೊಳ್ಳಬೇಕು. ಮುಂದಿನ ಕಾರ್ತಿಕದಲ್ಲಿ ಕೆಲಸ ಆರಂಭಿಸಬೇಕಾದದ್ದು ಆ ಗುರುತುಗಳಿಂದ.