ಬಾರ್‌ಕೋಡ್ ಒಂದೇ ಸಲಕ್ಕೆ ಬೀಪ್ ಅನ್ನಬೇಕೇ? ಸುತ್ತ ಬಿಳಿ ಜಾಗ ಬಿಡಿ

ಶಿರಸಿ, ಕುಮಟಾ, ಕಾರವಾರದ ಕಡೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾಡಿ ಮಾರುವವರು ಬಹಳ. ಸೂಪರ್ ಮಾರ್ಕೆಟಿಗೆ ಸರಕು ಕೊಡಬೇಕೆಂದರೆ ಮೊದಲ ಪ್ರಶ್ನೆಯೇ ‘ಬಾರ್‌ಕೋಡ್ ಇದೆಯಾ?’ ಎಂಬುದು. ಕೋಡ್ ಇರುತ್ತದೆ, ಆದರೆ ಸ್ಕ್ಯಾನರ್ ಅದನ್ನು ಓದುವುದಿಲ್ಲ. ಬಿಲ್ ಹಾಕುವವರು ಬಾಟಲಿಯನ್ನು ಅತ್ತಿತ್ತ ತಿರುಗಿಸಿ, ಕೊನೆಗೆ 13 ಅಂಕಿಗಳನ್ನು ಕೈಯಲ್ಲೇ ಒತ್ತುತ್ತಾರೆ. ಹಿಂದೆ ನಿಂತವರು ಗೊಣಗುತ್ತಾರೆ.

ಮೊದಲು ಸಂಖ್ಯೆ. ಇದನ್ನು ಜಿಎಸ್‌1 ಇಂಡಿಯಾ ಸಂಸ್ಥೆಯಲ್ಲಿ ನೋಂದಾಯಿಸಿ ಪಡೆಯಬೇಕು. ಇಲ್ಲಿ ಕೊಡುವ ಸಂಖ್ಯೆಗಳು 890ರಿಂದ ಶುರುವಾಗುತ್ತವೆ. 250 ಗ್ರಾಂ ಬಾಟಲಿಗೆ ಒಂದು ಸಂಖ್ಯೆ, 500 ಗ್ರಾಂಗೆ ಬೇರೆ. ಕೊನೆಯ ಅಂಕಿ ತಾಳೆ ನೋಡುವುದಕ್ಕೆ. ಉದಾಹರಣೆಗೆ 890123456789 ತೆಗೆದುಕೊಳ್ಳಿ. ಎಡದಿಂದ 1, 3, 5ನೆಯ ಹೀಗೆ ಬೆಸ ಸ್ಥಾನದ ಅಂಕಿಗಳ ಮೊತ್ತ 28. ಸರಿ ಸ್ಥಾನದವುಗಳ ಮೊತ್ತ 34, ಅದರ ಮೂರರಷ್ಟು 102. ಎರಡೂ ಸೇರಿ 130. ಮುಂದಿನ ಹತ್ತರ ಗುಣಕಕ್ಕೆ ಏನೂ ಬಾಕಿ ಇಲ್ಲ, ಹಾಗಾಗಿ 13ನೆಯ ಅಂಕಿ 0. ಸಾಫ್ಟ್‌ವೇರ್ ಇದನ್ನು ತಾನೇ ಮಾಡುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಕೆಡುವುದೆಲ್ಲ ಡಿಸೈನಿನಲ್ಲಿ. ಬಾರ್‌ಕೋಡಿನ ಪೂರ್ಣ ಅಳತೆ ಸುಮಾರು 37 × 26 ಮಿ.ಮೀ. ಇದನ್ನು ಶೇ 80ರವರೆಗೆ, ಅಂದರೆ ಸುಮಾರು 30 × 21 ಮಿ.ಮೀ.ವರೆಗೆ ಇಳಿಸಬಹುದು. ಈ ಅಳತೆಯಲ್ಲಿ ಎಡಬಲದ ಬಿಳಿ ಜಾಗವೂ ಸೇರಿದೆ: ಪೂರ್ಣ ಅಳತೆಯಲ್ಲಿ ಎಡಕ್ಕೆ 3.6 ಮಿ.ಮೀ., ಬಲಕ್ಕೆ 2.3 ಮಿ.ಮೀ. ಗೆರೆಗಳು ಎಲ್ಲಿ ಶುರು, ಎಲ್ಲಿ ಮುಗಿದವು ಎಂದು ಸ್ಕ್ಯಾನರಿಗೆ ತಿಳಿಯುವುದೇ ಈ ಖಾಲಿ ಜಾಗದಿಂದ. ಡಿಸೈನ್ ಮಾಡುವವರಿಗೆ ಮಾತ್ರ ಅದು ಸುಮ್ನೆ ಹಾಳಾದ ಜಾಗದಂತೆ ಕಾಣುತ್ತದೆ. ಅಲ್ಲೊಂದು ಎಲೆ ಬಿಡಿಸುತ್ತಾರೆ, ಇಲ್ಲವೇ ಬಾರ್ಡರ್ ಎಳೆಯುತ್ತಾರೆ. ಹಾಗೆ ಮಾಡಲು ಬಿಡಬೇಡಿ.

ಬಣ್ಣದಲ್ಲೂ ಎಡವುತ್ತಾರೆ. ಅಂಗಡಿಗಳ ಹೆಚ್ಚಿನ ಸ್ಕ್ಯಾನರ್‌ಗಳದು ಕೆಂಪು ಬೆಳಕು. ಅದಕ್ಕೆ ಕೆಂಪು ಗೆರೆ ಬಿಳಿಯಂತೆಯೇ ಕಾಣುತ್ತದೆ. ಮುರುಗಲು ಶರಬತ್ತಿಗೆ ಚಂದ ಹೊಂದುತ್ತದೆಂದು ಕೆಂಪು ಗೆರೆ ಹಾಕಿದರೆ ಯಂತ್ರಕ್ಕೆ ಏನೂ ಕಾಣದು. ಬಿಳಿ ಮೇಲೆ ಕಪ್ಪು, ಮತ್ತೆ ಯೋಚನೆ ಬೇಡ. ಹಪ್ಪಳದ ಪಾರದರ್ಶಕ ಕವರಾದರೆ ಗೆರೆಗಳ ಹಿಂದೆ ಬಿಳಿ ಚೌಕ ಹಾಕಿಸಿ.

ದುಂಡು ಬಾಟಲಿಗೆ ಗೆರೆಗಳು ಏಣಿಯ ಮೆಟ್ಟಿಲಿನಂತೆ ಅಡ್ಡಕ್ಕೆ ಬರಲಿ. ನೆಟ್ಟಗೆ ನಿಲ್ಲಿಸಿದರೆ ಎರಡು ತುದಿಯ ಗೆರೆಗಳು ಬಾಗಿನಲ್ಲಿ ಮರೆಯಾಗುತ್ತವೆ.

ಈಗ ಪ್ರಿಂಟರ್. ಮನೆಯಲ್ಲೇ ಲೇಬಲ್ ಹೊಡೆಯುವವರ ಪ್ರಿಂಟರ್ ಸಾಮಾನ್ಯವಾಗಿ ಇಂಚಿಗೆ 203 ಚುಕ್ಕಿಯದು. ಒಂದು ಚುಕ್ಕಿ 0.125 ಮಿ.ಮೀ. ಆದರೆ ಪೂರ್ಣ ಅಳತೆಯಲ್ಲಿ ಅತಿ ತೆಳು ಗೆರೆಯ ದಪ್ಪ 0.33 ಮಿ.ಮೀ., ಅಂದರೆ ಎರಡೂವರೆ ಚುಕ್ಕಿಗಿಂತ ಸ್ವಲ್ಪ ಜಾಸ್ತಿ. ಅರ್ಧ ಚುಕ್ಕಿ ಹೊಡೆಯಲು ಬರುವುದಿಲ್ಲ ಅಲ್ವಾ? ಕೆಲವು ಗೆರೆ ಎರಡು ಚುಕ್ಕಿ, ಕೆಲವು ಮೂರು ಆಗಿ ಲೆಕ್ಕ ತಪ್ಪುತ್ತದೆ. ಕಣ್ಣಿಗೆ ಗೊತ್ತಾಗದು, ಸ್ಕ್ಯಾನರಿಗೆ ಗೊತ್ತಾಗುತ್ತದೆ. ಹಾಗಾಗಿ ತೆಳು ಗೆರೆಗೆ ಸರಿಯಾಗಿ ಮೂರು ಚುಕ್ಕಿ ಎಂದು ಸಾಫ್ಟ್‌ವೇರಿನಲ್ಲೇ ಹೇಳಿ. ಆಗ ಬಾರ್‌ಕೋಡ್ ಸುಮಾರು 42 ಮಿ.ಮೀ. ಅಗಲವಾಗುತ್ತದೆ. ಲೇಬಲ್ ಚಿಕ್ಕದಾದರೆ 300 ಚುಕ್ಕಿಯ ಪ್ರಿಂಟರ್ ತೆಗೆದುಕೊಂಡು ನಾಲ್ಕು ಚುಕ್ಕಿ ಇಡಿ, 38 ಮಿ.ಮೀ.ನಲ್ಲಿ ಮುಗಿಯುತ್ತದೆ. ಕಂಪ್ಯೂಟರಿನಲ್ಲಿ ಬಾರ್‌ಕೋಡಿನ ಚಿತ್ರವನ್ನು ಮೂಲೆ ಹಿಡಿದು ಎಳೆದು ಸಣ್ಣದು ಮಾಡುವ ಅಭ್ಯಾಸ ಬಿಡಿ. ಪ್ರೆಸ್ಸಿಗೆ ಕೊಡುವುದಾದರೆ ಎಷ್ಟು ಹಿಗ್ಗಿಸಿದರೂ ಗೆರೆ ಮಸುಕಾಗದ ವೆಕ್ಟರ್ ಫೈಲನ್ನೇ ಕೊಡಿ, ವಾಟ್ಸ್ಆ್ಯಪಿನಲ್ಲಿ ಕಳಿಸಿದ ಫೋಟೊ ಅಲ್ಲ.

ರಿಬ್ಬನ್ (ಶಾಯಿ ಪಟ್ಟಿ) ಇಲ್ಲದೆ ಬಿಸಿಯಿಂದಲೇ ಕಪ್ಪಾಗುವ ಕಾಗದ ಅಗ್ಗ, ನಿಜ. ಆದರೆ ಬಿಸಿಲು ಬಿದ್ದರೆ, ಉಪ್ಪಿನಕಾಯಿ ಎಣ್ಣೆ ತಾಗಿದರೆ ಮಸುಕಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಶರಬತ್ತಿನ ಬಾಟಲಿ ಬೆವರುತ್ತದೆ, ಮಳೆಗಾಲದಲ್ಲಿ ಘಟ್ಟದ ಮೇಲೆ ಕಾಗದವೇ ತೇವ ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಲೇಬಲ್, ರೆಸಿನ್ ರಿಬ್ಬನ್ ಸ್ವಲ್ಪ ದುಬಾರಿಯಾದರೂ ಇಲ್ಲಿಗೆ ಅದೇ ಸರಿ.

ರೋಲ್ ಪೂರ್ತಿ ಹೊಡೆಯುವ ಮೊದಲು ನಾಲ್ಕು ಲೇಬಲ್ ತೆಗೆದು, ತುಂಬಿದ ಬಾಟಲಿಗೇ ಅಂಟಿಸಿ, ಪರಿಚಯದ ಅಂಗಡಿಯ ಸ್ಕ್ಯಾನರ್ ಕೆಳಗೆ ಹಿಡಿಯಿರಿ. ಮೊಬೈಲಿನಲ್ಲಿ ಓದಿತು ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಮೊಬೈಲ್ ಕ್ಯಾಮೆರಾ ಕೆಟ್ಟ ಕೋಡನ್ನೂ ಹೇಗೋ ಓದಿಬಿಡುತ್ತದೆ. ರೋಲ್ ಬದಲಿಸುವಾಗಲೆಲ್ಲ ಪ್ರಿಂಟರಿನಲ್ಲಿ ಚುಕ್ಕಿ ಹೊಡೆಯುವ ಭಾಗವಾದ ಹೆಡ್ ಅನ್ನು ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಒರೆಸಿದ ಮೇಲೂ ಪ್ರತಿ ಲೇಬಲಿನಲ್ಲಿ ಒಂದೇ ಕಡೆ ಬಿಳಿ ಎಳೆ ಬರುತ್ತಿದ್ದರೆ ಹೆಡ್ಡಿನ ಚುಕ್ಕಿಯೇ ಸುಟ್ಟಿದೆ, ಹೆಡ್ ಬದಲಿಸಬೇಕು.