ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಒಂದೇ ಡೋಸ್ ಡೆಕ್ಸಾಮೆಥಾಸೋನ್: ನನ್ನ ಅನುಭವ

ಟಾನ್ಸಿಲ್ ತೆಗೆಸಿಕೊಂಡ ಮಗು ಅಂದು ಸಂಜೆ ಅರ್ಧ ಲೋಟ ಮಜ್ಜಿಗೆಯನ್ನಾದರೂ ಕುಡಿಯಿತೇ ಎಂಬುದೇ ನನ್ನ ಪಾಲಿಗೆ ಶಸ್ತ್ರಚಿಕಿತ್ಸೆಯ ನಿಜವಾದ ಫಲಿತಾಂಶ. ಮೊದಲ ಏಳೆಂಟು ವರ್ಷ ಈ ಪರೀಕ್ಷೆಯಲ್ಲಿ ನಾನು ಸೋಲುತ್ತಲೇ ಇದ್ದೆ. ಹತ್ತರಲ್ಲಿ ಐದಾರು ಮಕ್ಕಳು ರಾತ್ರಿಯಿಡೀ ನುಂಗಿದ ರಕ್ತವನ್ನು ಕಂದು ಬಣ್ಣದಲ್ಲಿ ವಾಂತಿ ಮಾಡಿಕೊಂಡು, ನೀರನ್ನೂ ಒಲ್ಲೆನೆಂದು ತುಟಿ ಬಿಗಿದು, ಮರುದಿನವೂ ಡ್ರಿಪ್ ಮೇಲೆಯೇ ಉಳಿಯುತ್ತಿದ್ದವು. ಆ ಒಂದು ದಿನಕ್ಕೆ ಹಾಸಿಗೆ, ಸಲೈನ್, ಔಷಧಿ ಎಲ್ಲ ಸೇರಿ ಮನೆಯವರಿಗೆ ಎರಡು ಸಾವಿರದ ಆಸುಪಾಸು ಖರ್ಚು ಬೀಳುತ್ತಿತ್ತು. ತಂದೆಯ ಕೂಲಿ ತಪ್ಪಿದ್ದು ಬೇರೆ.

ಒಂದು ಕಾಫಿಯ ಬೆಲೆಯೂ ಇಲ್ಲದ ಡೆಕ್ಸಾಮೆಥಾಸೋನ್ ವಯಲ್ (ವಾಂತಿ, ಊತ ತಗ್ಗಿಸುವ ಸ್ಟೀರಾಯ್ಡ್ ಚುಚ್ಚುಮದ್ದಿನ ಪುಟ್ಟ ಸೀಸೆ) ಇದನ್ನು ತಪ್ಪಿಸಬಲ್ಲದು ಎಂದು ನಾನು ಹೇಳಿದಾಗ ನಮ್ಮ ಹಿರಿಯ ಅರಿವಳಿಕೆ ತಜ್ಞರು, “ಸ್ಟೀರಾಯ್ಡ್ ಹಾಕಿದರೆ ರಕ್ತ ಸೋರುತ್ತದೆ ಡಾಕ್ಟ್ರೇ, ರಾತ್ರಿ ಎರಡು ಗಂಟೆಗೆ ನನ್ನನ್ನು ಕರೆಯಬೇಡಿ” ಎಂದುಬಿಟ್ಟರು. ಅವರ ಅಂಜಿಕೆಗೆ ಆಧಾರವಿತ್ತು. 2008ರಲ್ಲಿ ಪ್ರಕಟವಾದ ಜಿನೀವಾದ ಅಧ್ಯಯನವನ್ನು, ಕಿಲೋಗೆ 0.5 ಮಿ.ಗ್ರಾಂ ಪಡೆದ ಮಕ್ಕಳಲ್ಲಿ ರಕ್ತಸ್ರಾವ ಹೆಚ್ಚಿತೆಂದು ನಡುವೆಯೇ ನಿಲ್ಲಿಸಲಾಗಿತ್ತು. ಆದರೆ 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 314 ಮಕ್ಕಳ ಪೈಕಿ ಅರ್ಧದಷ್ಟು ಮಂದಿಗೆ ಅಷ್ಟೇ ಪ್ರಮಾಣ ಕೊಟ್ಟು ಉಳಿದವರೊಂದಿಗೆ ಹೋಲಿಸಿ ನೋಡಿದಾಗ, ಮತ್ತೆ ಆಸ್ಪತ್ರೆಗೆ ದಾಖಲಿಸಬೇಕಾದಂಥ ಅಥವಾ ಮತ್ತೆ ಥಿಯೇಟರಿಗೆ ಒಯ್ಯಬೇಕಾದಂಥ ರಕ್ತಸ್ರಾವ ಹೆಚ್ಚಿರಲಿಲ್ಲ. ನಾನು ಎರಡೂ ಅಧ್ಯಯನಗಳ ಮಾತಿಗೂ ಬೆಲೆ ಕೊಟ್ಟು ಕಿಲೋಗೆ 0.15 ಮಿ.ಗ್ರಾಂಗೆ ನಿಂತೆ, ಎಷ್ಟೇ ತೂಕವಿರಲಿ 8 ಮಿ.ಗ್ರಾಂ ದಾಟಲಿಲ್ಲ. ಹದಿನಾರು ಕಿಲೋದ ಮಗುವಿಗೆ ಬೇಕಾಗುವುದು 2.4 ಮಿ.ಗ್ರಾಂ, ಎಂದರೆ ಮಿ.ಲೀ.ಗೆ 4 ಮಿ.ಗ್ರಾಂ ಇರುವ ನಮ್ಮ ವಯಲ್ಲಿನಿಂದ 0.6 ಮಿ.ಲೀ. ಮಾತ್ರ.

ಆರಂಭದಲ್ಲಿ ಎರಡು ತಪ್ಪು ಮಾಡಿದೆ. ಶಸ್ತ್ರಚಿಕಿತ್ಸೆ ಮುಗಿಯುವ ಹೊತ್ತಿಗೆ ಕೊಟ್ಟದ್ದರಿಂದ ಮೊದಲ ಕೆಲವು ಗಂಟೆಗಳ ವಾಂತಿಗೆ ಅದು ಒದಗಲೇ ಇಲ್ಲ. ಇನ್ನೊಮ್ಮೆ ವಾರ್ಡಿನಲ್ಲಿ ಎಚ್ಚರವಿದ್ದ ಬಾಲಕನಿಗೆ ಸರ್ರನೆ ಏರಿಸಿಬಿಟ್ಟೆ. ತೊಡೆಸಂದಿಯ ತುರಿಕೆ ಮತ್ತು ಉರಿಯಿಂದ ಅವನು ಕಿರುಚಿದ್ದು ಕಾರಿಡಾರಿನ ತುದಿಯವರೆಗೆ ಕೇಳಿಸಿತು. ಅಂದಿನಿಂದ ಮಗುವಿಗೆ ಅರಿವು ತಪ್ಪಿದ ಮೇಲೆ, ಬಾಯಿಗೆ ಗ್ಯಾಗ್ (ಬಾಯಿ ತೆರೆದಿಡುವ ಸಾಧನ) ಇಡುವ ಮೊದಲೇ ಔಷಧಿ ಹೋಗಬೇಕು ಎಂಬುದು ನಮ್ಮ ಥಿಯೇಟರಿನ ನಿಯಮ.

ನಡುವೆ ಮನೆಗೂ ಮೂರು ದಿನದ ಪ್ರೆಡ್ನಿಸೋಲೋನ್ ಸಿರಪ್ ಬರೆದು ನೋಡಿದೆ. ನೋವು ಕಡಿಮೆಯಾದಂತೆ ಕಾಣಲಿಲ್ಲ, ಮಕ್ಕಳ ನಿದ್ದೆ ಮಾತ್ರ ಕೆಟ್ಟಿತು, ಬಿಟ್ಟುಬಿಟ್ಟೆ. ಜೇನುತುಪ್ಪ ನೆಕ್ಕಿಸಿದ್ದು ಅದಕ್ಕಿಂತ ವಾಸಿ ಎನಿಸಿತು, ಆದರೆ ಅದರ ಲೆಕ್ಕ ಇಟ್ಟಿಲ್ಲ.

ಈಗ ಇನ್ನೂರಕ್ಕೆ ಸಮೀಪ ಮಕ್ಕಳಾಗಿದ್ದಾರೆ. ವಾಂತಿ ಹತ್ತರಲ್ಲಿ ಒಂದೆರಡಕ್ಕೆ ಇಳಿದಿದೆ, ಬಹುಪಾಲು ಮಕ್ಕಳು ಸಂಜೆಗೆ ತಣ್ಣನೆಯ ಗಂಜಿ ಕುಡಿಯುತ್ತಾರೆ. ರಕ್ತಸ್ರಾವಕ್ಕಾಗಿ ಮತ್ತೆ ಥಿಯೇಟರಿಗೆ ಒಯ್ದದ್ದು ಮೂವರನ್ನು, ಅದೂ ಗಾಯದ ಮೇಲಿನ ಪೊರೆ ಕಳಚುವ ಎರಡನೆಯ ವಾರದ ಆಚೀಚೆ, ಮೊದಲಿಗಿಂತ ಹೆಚ್ಚೇನಲ್ಲ. ಇದರಲ್ಲಿ ಡೆಕ್ಸಾದ ಪಾಲೆಷ್ಟು, ಗಂಟಲಿಗಿಟ್ಟ ಬಟ್ಟೆಯ ಪ್ಯಾಕ್ ತೆಗೆಯುವ ಮುನ್ನ ನಾನು ಮಾಡುವ ಒಂದು ಸಣ್ಣ ಕೈಚಳಕದ ಪಾಲೆಷ್ಟು ಎಂಬುದನ್ನು ನನ್ನ ಥಿಯೇಟರಿಗೆ ಬಂದು ನಿಂತವರಿಗಷ್ಟೇ ತೋರಿಸುತ್ತೇನೆ.

ಒಂದೇ ಕಡೆಯ ಟಾನ್ಸಿಲ್ ಊದಿ, ಮಗು ಬಿಳಿಚಿಕೊಂಡು, ಕುತ್ತಿಗೆಯಲ್ಲಿ ಗಂಟುಗಳೂ ಕೈಗೆ ಸಿಕ್ಕಿದರೆ ನಾನು ಇಲ್ಲಿ ಹೇಳಿದ್ದು ಯಾವುದನ್ನೂ ಮಾಡುವುದಿಲ್ಲ. ಒಳಗೆ ರಕ್ತದ ಕ್ಯಾನ್ಸರ್ ಅಡಗಿದ್ದರೆ ಈ ಒಂದೇ ಡೋಸಿಗೆ ಗಡ್ಡೆಯ ಕೋಶಗಳು ಒಮ್ಮೆಲೇ ಒಡೆದು ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಅಂಥ ಮಗುವಿನ ರಕ್ತಲೇಪದ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ವರದಿ ಕೈಗೆ ಬರುವ ತನಕ ಶಸ್ತ್ರಚಿಕಿತ್ಸೆಗೆ ದಿನಾಂಕವನ್ನೇ ಕೊಡುವುದಿಲ್ಲ.